ಭೂಮಿ ಬಹಳ, ಜನ ಕಡಿಮೆ: ಒಂದು ಹಳೆಯ ಪಾಠದ ತಿದ್ದುಪಡಿ



ಭೂಗೋಳದಲ್ಲಿ ಕೆನಡಾ ದೇಶದ ಪಾಠ ಬಂದಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ಒಂದು ವಾಕ್ಯವನ್ನು ದೊಡ್ಡದಾಗಿ ಬರೆಯುತ್ತಿದ್ದೆ: "ಭೂಮಿ ಬಹಳ, ಜನ ಕಡಿಮೆ." ಅದರ ಕೆಳಗೆ ಗೋಧಿ, ಮರ, ಕಾಗದ, ನಿಕ್ಕಲ್ ಎಂಬ ಪಟ್ಟಿ. ನಿಮ್ಮಲ್ಲಿ ಅನೇಕರು ಅದನ್ನೇ ಬಾಯಿಪಾಠ ಮಾಡಿ ಅಂಕಗಳನ್ನು ಪಡೆದಿರಿ. ನನಗೂ ಪಾಠ ಮುಗಿಸಿದ ತೃಪ್ತಿ ಇತ್ತು.

ಕೆಲವು ತಿಂಗಳ ಹಿಂದೆ ಟೊರಾಂಟೊದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, "ಮೇಷ್ಟ್ರೇ, ಇಲ್ಲಿ ಭೂಮಿ ಬಹಳ ಎಂದು ಹೇಳಿಕೊಟ್ಟಿದ್ದಿರಿ. ನನ್ನ ಸಂಬಳದ ಅರ್ಧ ಬಾಡಿಗೆಗೇ ಹೋಗುತ್ತಿದೆ. ಹನ್ನೆರಡು ವರ್ಷವಾಯಿತು, ಸ್ವಂತ ಮನೆಯ ಯೋಗ ಇನ್ನೂ ಕೂಡಿ ಬಂದಿಲ್ಲ. ಆ ಭೂಮಿಯೆಲ್ಲ ಎಲ್ಲಿ ಹೋಯಿತು?" ಎಂದು ಕೇಳಿದ. ನಗುತ್ತಲೇ ಕೇಳಿದನಾದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಿಷ್ಯನ ಪ್ರಶ್ನೆಗೆ ಉತ್ತರ ಹೇಳಲಾರದ ಮೇಷ್ಟರಿಗೆ ನಿವೃತ್ತಿಯಾದರೂ ನಿದ್ರೆ ಬಾರದು. ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ನನ್ನ ವಾಕ್ಯವನ್ನೇ ಪರೀಕ್ಷಿಸೋಣ. ಕೆನಡಾದ ವಿಸ್ತೀರ್ಣ ಸುಮಾರು ಒಂದು ಕೋಟಿ ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 3 ಕೋಟಿ 70 ಲಕ್ಷ. ಅಂಕಿಗಳು ಸರಿಯಾಗಿಯೇ ಇವೆ. ಆದರೆ ಅಲ್ಲಿಯ ಜನರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಗಡಿಯಿಂದ ನೂರು ಕಿಲೋಮೀಟರ್ ಒಳಗಿನ ಕಿರಿದಾದ ಪಟ್ಟಿಯಲ್ಲಿ ವಾಸಿಸುತ್ತಾರೆ. ನಾಲ್ವರಲ್ಲಿ ಸುಮಾರು ಮೂವರು ದೊಡ್ಡ ನಗರಪ್ರದೇಶಗಳಲ್ಲಿದ್ದಾರೆ. ಮನುಷ್ಯನು ಭೂಪಟದಲ್ಲಿ ವಾಸಿಸುವುದಿಲ್ಲ; ಕೆಲಸ, ಶಾಲೆ, ಆಸ್ಪತ್ರೆ ಇರುವಲ್ಲಿ ವಾಸಿಸುತ್ತಾನೆ. ಇದನ್ನು ನಾನು ಅಂದೇ ಹೇಳಬೇಕಿತ್ತು.

ಇನ್ನು ಟೊರಾಂಟೊದ ಕಥೆ. 1793ರಲ್ಲಿ ಜಾನ್ ಗ್ರೇವ್ಸ್ ಸಿಮ್ಕೋ ಎಂಬ ಬ್ರಿಟಿಷ್ ಅಧಿಕಾರಿ ಒಂಟಾರಿಯೊ ಸರೋವರದ ದಡದಲ್ಲಿ ಯಾರ್ಕ್ ಎಂಬ ಪುಟ್ಟ ಊರನ್ನು ಸ್ಥಾಪಿಸಿದನು. 1834ರಲ್ಲಿ ಅದು ಟೊರಾಂಟೊ ಎಂಬ ಹೆಸರಿನ ನಗರವಾಯಿತು. ಆ ನೆಲವಾದರೋ ಮಿಸ್ಸಿಸಾಗಾ ಜನರದು. 1787ರಲ್ಲಿ ಆದ ಒಪ್ಪಂದ ದೋಷಪೂರ್ಣವಾಗಿದ್ದುದರಿಂದ 1805ರಲ್ಲಿ ಮತ್ತೊಂದು ಒಪ್ಪಂದ ಮಾಡಿಕೊಂಡು, ಎರಡೂವರೆ ಲಕ್ಷ ಎಕರೆಗೆ ಹತ್ತು ಶಿಲ್ಲಿಂಗ್ ಎಂದು ಬರೆದುಕೊಂಡರು. ಈ ಅನ್ಯಾಯದ ಲೆಕ್ಕ ಇತ್ಯರ್ಥವಾದದ್ದು 2010ರಲ್ಲಿ; ಕೆನಡಾ ಸರ್ಕಾರ ಆ ಜನಾಂಗಕ್ಕೆ ಸುಮಾರು 14 ಕೋಟಿ 50 ಲಕ್ಷ ಡಾಲರ್ ಪರಿಹಾರ ನೀಡಿತು. "ಜನ ಕಡಿಮೆ" ಎಂಬ ನನ್ನ ವಾಕ್ಯದಲ್ಲಿ ಈ ಜನರು ಎಣಿಕೆಗೇ ಬಂದಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ನಗರ ವೇಗವಾಗಿ ಬೆಳೆಯಿತು. ಯುದ್ಧದಿಂದ ಮರಳಿದ ಸೈನಿಕರು, ಯೂರೋಪಿನಿಂದ ಬಂದ ವಲಸಿಗರು, ಎಲ್ಲರಿಗೂ ಮನೆ ಬೇಕಾಗಿತ್ತು. 1954ರ ವರ್ಷವನ್ನು ಮಾತ್ರ ನೋಡಿ. ಜನವರಿಯಲ್ಲಿ ಟೊರಾಂಟೊ ಮತ್ತು ಸುತ್ತಲಿನ ಊರುಗಳು ಒಂದು ಮಹಾನಗರ ಆಡಳಿತದ ಅಡಿಯಲ್ಲಿ ಬಂದವು. ಮಾರ್ಚ್ 30ರಂದು ಯಂಗ್ ಬೀದಿಯ ಕೆಳಗೆ ಕೆನಡಾದ ಮೊದಲ ಸುರಂಗ ರೈಲು ಓಡಿತು. ಅಕ್ಟೋಬರಿನಲ್ಲಿ ಹೇಜಲ್ ಎಂಬ ಚಂಡಮಾರುತ ಅಪ್ಪಳಿಸಿ, ಹಂಬರ್ ನದಿ ಉಕ್ಕಿ, ನದೀಪಾತ್ರದಲ್ಲಿ ಕಟ್ಟಿದ್ದ ಮನೆಗಳು ಒಂದೇ ರಾತ್ರಿಯಲ್ಲಿ ಕೊಚ್ಚಿಹೋದವು. ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನರು ಸತ್ತರು. ಕೆನಡಾದಲ್ಲಿ ಒಟ್ಟು 81 ಮಂದಿ. ಆ ನಂತರ ನೆರೆ ಬರುವ ಕಣಿವೆಗಳಲ್ಲಿ ಮನೆ ಕಟ್ಟುವುದನ್ನು ನಿಷೇಧಿಸಿ, ಅಂತಹ ಜಾಗಗಳನ್ನು ಉದ್ಯಾನಗಳಾಗಿ ಉಳಿಸಿಕೊಂಡರು. ಇಂದು ಆ ನಗರದ ನಡುವೆ ಹಾಯುವ ಹಸಿರು ಕಣಿವೆಗಳನ್ನು ನೋಡಿ ಮೆಚ್ಚುವವರು, ಆ ಹಸಿರಿನಲ್ಲಿ ಬಹುಭಾಗ ಉಳಿದದ್ದು 81 ಜೀವಗಳು ಕಲಿಸಿದ ಪಾಠದಿಂದ ಎಂಬುದನ್ನು ನೆನೆಯಬೇಕು. ಕೆರೆಯಂಗಳದಲ್ಲಿ ಬಡಾವಣೆ ಮಾಡುವ ನಮ್ಮ ಊರುಗಳಿಗೂ ಈ ಪಾಠ ಅನ್ವಯಿಸುತ್ತದೆ. ಹೆಚ್ಚು ಹೇಳುವ ಅಗತ್ಯವಿಲ್ಲ.

ಆ ಕಾಲದ ಯೋಜಕರಿಗೆ ಎರಡು ವಿಷಯಗಳಲ್ಲಿ ಅಪಾರ ನಂಬಿಕೆ ಇತ್ತು: ಹಳೆಯದನ್ನು ಕೆಡವುವುದು, ಅಗಲವಾದ ಹೆದ್ದಾರಿ ಹಾಕುವುದು. ಬಡವರು ವಾಸಿಸುತ್ತಿದ್ದ ಕ್ಯಾಬೇಜ್‌ಟೌನ್‌ನ ಒಂದು ಭಾಗವನ್ನು 1940ರ ದಶಕದ ಕೊನೆಯಿಂದ ನೆಲಸಮ ಮಾಡಿ, ರೀಜೆಂಟ್ ಪಾರ್ಕ್ ಎಂಬ ಸರ್ಕಾರಿ ವಸತಿ ಬಡಾವಣೆಯನ್ನು ಕಟ್ಟಿದರು. ಉದ್ದೇಶ ಒಳ್ಳೆಯದೇ. ಆದರೆ ಹಾದುಹೋಗುವ ಬೀದಿಗಳನ್ನು ಮುಚ್ಚಿ, ಅಂಗಡಿಗಳಿಗೆ ಎಡೆಯಿಲ್ಲದಂತೆ ಮಾಡಿದ್ದರಿಂದ ಅದು ಊರಿನೊಳಗಿನ ದ್ವೀಪವಾಯಿತು. ಅರ್ಧ ಶತಮಾನದ ಬಳಿಕ, 2005ರಿಂದ, ಅದನ್ನೇ ಹಂತಹಂತವಾಗಿ ಕೆಡವಿ, ಬೀದಿಗಳನ್ನು ಮತ್ತೆ ತೆರೆದು, ಬಡವರ ಮನೆಗಳನ್ನೂ ಮಾರಾಟದ ಮನೆಗಳನ್ನೂ ಬೆರೆಸಿ ಕಟ್ಟುತ್ತಿದ್ದಾರೆ.

ಹೆದ್ದಾರಿಯ ಕಥೆ ಇನ್ನೂ ಸ್ವಾರಸ್ಯಕರ. ಸ್ಪಡೈನಾ ಎಂಬ ಹೆದ್ದಾರಿಯನ್ನು ಉತ್ತರದ ಬಡಾವಣೆಗಳಿಂದ ನಗರದ ಹೃದಯಭಾಗದವರೆಗೆ, ನೂರಾರು ಮನೆಗಳನ್ನು ಸೀಳಿಕೊಂಡು ತರುವ ಯೋಜನೆ ಇತ್ತು. ಕೆಲಸ ಆರಂಭವೂ ಆಗಿತ್ತು. 1968ರಲ್ಲಿ ನ್ಯೂಯಾರ್ಕಿನಿಂದ ಬಂದು ಟೊರಾಂಟೊದಲ್ಲಿ ನೆಲೆಸಿದ ಲೇಖಕಿ ಜೇನ್ ಜೇಕಬ್ಸ್, ಅಲ್ಲಿಯ ನಿವಾಸಿಗಳೊಡನೆ ಸೇರಿ ಇದನ್ನು ವಿರೋಧಿಸಿದರು. ಬೀದಿಯಲ್ಲಿ ಮನುಷ್ಯರು ಓಡಾಡುತ್ತಿದ್ದರೆ ಮಾತ್ರ ನಗರ ಜೀವಂತ ಎಂಬುದು ಆಕೆಯ ವಾದದ ತಿರುಳು. 1971ರ ಜೂನ್ 3ರಂದು ಒಂಟಾರಿಯೊ ಪ್ರಾಂತ್ಯದ ಪ್ರಧಾನಿ ಬಿಲ್ ಡೇವಿಸ್ ಯೋಜನೆಯನ್ನು ನಿಲ್ಲಿಸಿದರು. ಆಗಲೇ ಆಗಿದ್ದ ಉತ್ತರದ ತುಂಡು ಇಂದು ಆಲನ್ ರಸ್ತೆ ಎನಿಸಿಕೊಂಡು, ಊರ ನಡುವೆ ಥಟ್ಟನೆ ಮುಗಿದುಹೋಗುತ್ತದೆ. ಅದರ ಮಧ್ಯಭಾಗದಲ್ಲಿ 1978ರಿಂದ ರೈಲು ಓಡುತ್ತಿದೆ.

ಪಶ್ಚಿಮ ತೀರದ ವ್ಯಾಂಕೂವರಿನಲ್ಲಿಯೂ ಇದೇ ಹೋರಾಟ ನಡೆಯಿತು. ಚೈನಾಟೌನ್ ಮತ್ತು ಅದರ ಪಕ್ಕದ ಸ್ಟ್ರಾತ್‌ಕೋನಾ ಪ್ರದೇಶದ ಮನೆಗಳನ್ನು ಕೆಡವಿ ಹೆದ್ದಾರಿ ತರಲು 1960ರ ದಶಕದಲ್ಲಿ ಸಿದ್ಧತೆ ಆಗಿತ್ತು. ಮೇರಿ ಲೀ ಚಾನ್ ಎಂಬ ಮಹಿಳೆ, ಆಕೆಯ ಪತಿ ಮತ್ತು ಮಗಳು ಶರ್ಲಿ ನೆರೆಹೊರೆಯವರನ್ನು ಒಟ್ಟುಗೂಡಿಸಿದರು. ಸಂಘ ಕಟ್ಟಿದರು, ಅರ್ಜಿ ಬರೆದರು, ಮಂತ್ರಿಗಳನ್ನು ಕಂಡರು. ಸ್ಟ್ರಾತ್‌ಕೋನಾ ಉಳಿಯಿತು. ಆದರೆ ಕಪ್ಪು ಜನರು ವಾಸವಾಗಿದ್ದ ಹೋಗನ್ಸ್ ಆ್ಯಲಿ ಉಳಿಯಲಿಲ್ಲ. ಬಾರದ ಹೆದ್ದಾರಿಯ ಒಂದು ತುಂಡಾದ, 1972ರಲ್ಲಿ ತೆರೆದ ಮೇಲುರಸ್ತೆಗೆ ಅದು ಬಲಿಯಾಯಿತು. ಗೆದ್ದವರ ಕಥೆಯನ್ನು ಹೇಳುವಾಗ ಸೋತವರ ಹೆಸರನ್ನೂ ಹೇಳುವುದು ಇತಿಹಾಸದ ಮೇಷ್ಟರ ಕರ್ತವ್ಯ.

ಹಾಗಾದರೆ ಶಿಷ್ಯನ ಪ್ರಶ್ನೆಗೆ ಉತ್ತರವೇನು? ಹೆದ್ದಾರಿಯಿಂದ ಉಳಿಸಿಕೊಂಡ ಆ ಹಳೆಯ ಬೀದಿಗಳ ಮನೆಗಳೇ ಇಂದು ಸಾಮಾನ್ಯನ ಕೈಗೆ ಎಟುಕದಷ್ಟು ದುಬಾರಿಯಾಗಿವೆ. ಕಾರಣಗಳು ಹಲವು, ನನಗೆ ಮುಖ್ಯವೆಂದು ತೋರಿದ್ದು ಒಂದು ನಿಯಮ. ಟೊರಾಂಟೊದಲ್ಲಿ ವಾಸಕ್ಕೆಂದು ಗುರುತಿಸಿದ ಭೂಮಿಯ ಬಹುಭಾಗದಲ್ಲಿ ದಶಕಗಳ ಕಾಲ ಒಂದು ನಿವೇಶನಕ್ಕೆ ಒಂದು ಕುಟುಂಬದ ಮನೆ ಎಂಬ ಪದ್ಧತಿಯೇ ನಡೆದುಬಂತು. ಬೆಳೆಯುವ ಜನಸಂಖ್ಯೆಯೆಲ್ಲ ಉಳಿದ ಸ್ವಲ್ಪ ಜಾಗದಲ್ಲಿ ಆಕಾಶಕ್ಕೆ ಏರಬೇಕಾಯಿತು, ಇಲ್ಲವೇ ಊರಾಚೆಯ ಹೊಲಗಳಿಗೆ ಹರಿಯಬೇಕಾಯಿತು. 1976ರಲ್ಲಿ ಸಿಎನ್ ಗೋಪುರ ಪೂರ್ಣಗೊಂಡಾಗ ಅದರ ಸುತ್ತ ಇದ್ದದ್ದು ರೈಲ್ವೆ ಹಳಿಗಳು. ಇಂದು ಅಲ್ಲಿ ಗಾಜಿನ ಗೋಪುರಗಳ ಕಾಡು. ಅವುಗಳಲ್ಲಿ ಅನೇಕ ಮನೆಗಳು ಹೂಡಿಕೆದಾರರಿಗಾಗಿ ಕಟ್ಟಿದ ಪುಟ್ಟ ಕೋಣೆಗಳು. 2024ರ ಹೊತ್ತಿಗೆ ಬಡ್ಡಿ ಏರಿ ಹೂಡಿಕೆದಾರರು ಹಿಂದೆ ಸರಿದಾಗ ಹೊಸ ಮನೆಗಳ ಮಾರಾಟ ಕುಸಿಯಿತು. ಒಂದು ಕಡೆ ಮಾರಾಟವಾಗದ ಮನೆಗಳು, ಇನ್ನೊಂದು ಕಡೆ ಮನೆ ಸಿಗದ ಸಂಸಾರಗಳು. ಇದಕ್ಕಿಂತ ವಿಪರ್ಯಾಸ ಬೇಕೇ?

ಅಲ್ಲಿಯವರೂ ಸುಮ್ಮನೆ ಕುಳಿತಿಲ್ಲ. 2023ರ ಮೇ ತಿಂಗಳಲ್ಲಿ ಟೊರಾಂಟೊ ನಗರಸಭೆ, ಒಂದೇ ನಿವೇಶನದಲ್ಲಿ ನಾಲ್ಕು ಮನೆಗಳವರೆಗೆ ಕಟ್ಟಲು ನಗರದ ಉದ್ದಗಲಕ್ಕೂ ಅನುಮತಿ ನೀಡಿತು. ಅದಕ್ಕೂ ಮೊದಲು, 2022ರ ಕೊನೆಯಲ್ಲಿ, ಪ್ರಾಂತ್ಯ ಸರ್ಕಾರ ಬೇರೊಂದು ದಾರಿ ಹಿಡಿದಿತ್ತು. ಕೃಷಿಭೂಮಿ, ಕಾಡುಗಳ ರಕ್ಷಣೆಗಾಗಿ 2005ರಲ್ಲಿ ಕಾನೂನಿನಿಂದ ಕಾದಿರಿಸಿದ ಹಸಿರು ವಲಯದಿಂದ ಸುಮಾರು 7,400 ಎಕರೆಯನ್ನು ತೆಗೆದು ಮನೆ ಕಟ್ಟಲು ಬಿಟ್ಟುಕೊಟ್ಟಿತು. ಕೆಲವೇ ಬಿಲ್ಡರುಗಳಿಗೆ ಅನುಕೂಲವಾಗುವಂತೆ ಆಯ್ಕೆ ನಡೆದಿದೆ ಎಂದು ಪ್ರಾಂತ್ಯದ ಲೆಕ್ಕ ಪರಿಶೋಧಕರು ವರದಿ ಕೊಟ್ಟ ಮೇಲೆ, 2023ರ ಸೆಪ್ಟೆಂಬರಿನಲ್ಲಿ ಸರ್ಕಾರ ತನ್ನ ತೀರ್ಮಾನವನ್ನು ಹಿಂದಕ್ಕೆ ಪಡೆಯಿತು.

ಕೊನೆಯದಾಗಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಒಂದು ಯೋಜನೆಯನ್ನು ಹೇಳಿ ಮುಗಿಸುತ್ತೇನೆ. ವ್ಯಾಂಕೂವರಿನ ಸಮುದ್ರದ ಅಂಚಿನಲ್ಲಿ ಸೆನಾಕ್ ಎಂಬ ಹಳ್ಳಿ ಇತ್ತು. ಸ್ಕ್ವಾಮಿಶ್ ಜನರ ಹಳ್ಳಿ. 1913ರಲ್ಲಿ ಪ್ರಾಂತ್ಯ ಸರ್ಕಾರ ಆ ಕುಟುಂಬಗಳನ್ನು ದೋಣಿಯ ಮೇಲೆ ಹೇರಿ ಸಾಗಿಸಿತು. ಅವರ ಮನೆಗಳನ್ನು ಸುಟ್ಟುಹಾಕಲಾಯಿತು. ದೀರ್ಘಕಾಲದ ನ್ಯಾಯಾಲಯದ ಹೋರಾಟದ ನಂತರ, 2000ದ ದಶಕದ ಆರಂಭದಲ್ಲಿ, ಅದರಲ್ಲಿ ಹತ್ತೂವರೆ ಎಕರೆಯಷ್ಟು ಮರಳಿ ಅವರ ಕೈಸೇರಿತು. 2019ರಲ್ಲಿ ಅವರು ತಮ್ಮೊಳಗೆ ಮತ ಹಾಕಿ, ಆ ತುಂಡು ನೆಲದಲ್ಲಿ ಸುಮಾರು 6,000 ಬಾಡಿಗೆ ಮನೆಗಳುಳ್ಳ ಹನ್ನೊಂದು ಗೋಪುರಗಳನ್ನು ಕಟ್ಟಲು ಬಹುಮತದಿಂದ ಒಪ್ಪಿದರು. 2022ರಲ್ಲಿ ಕಾಮಗಾರಿ ಆರಂಭವಾಯಿತು. ಅದು ಅವರದೇ ಭೂಮಿಯಾದ್ದರಿಂದ ನಗರಸಭೆಯ ಕಟ್ಟಡ ವಲಯದ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ. ನೆರೆಯ ಶ್ರೀಮಂತ ಬಡಾವಣೆಯ ಕೆಲವರು ಇಷ್ಟೊಂದು ಎತ್ತರವೇ, ಇಷ್ಟೊಂದು ಜನವೇ ಎಂದು ಆಕ್ಷೇಪಿಸಿದರು. ಯಾರನ್ನು ಆ ನೆಲದಿಂದ ಹೊರದಬ್ಬಲಾಯಿತೋ, ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಅದೇ ನೆಲದಲ್ಲಿ ಊರಿನವರಿಗೆಲ್ಲ ಸೂರು ಕಟ್ಟಿಕೊಡುತ್ತಿದ್ದಾರೆ.

ಆದುದರಿಂದ, ಮಕ್ಕಳೇ, ನಿಮ್ಮ ಹಳೆಯ ನೋಟುಪುಸ್ತಕ ಎಲ್ಲಾದರೂ ಉಳಿದಿದ್ದರೆ ಆ ಪುಟವನ್ನು ತೆರೆದು "ಭೂಮಿ ಬಹಳ, ಜನ ಕಡಿಮೆ" ಎಂಬುದನ್ನು ಹೊಡೆದುಹಾಕಿ ಹೀಗೆ ಬರೆದುಕೊಳ್ಳಿ: "ಭೂಮಿ ಎಷ್ಟಿದೆ ಎಂಬುದಕ್ಕಿಂತ, ಅದರಲ್ಲಿ ಯಾರು ಇರಬಹುದು ಎಂದು ತೀರ್ಮಾನಿಸುವವರು ಯಾರು ಎಂಬುದೇ ಮುಖ್ಯ." ಟೊರಾಂಟೊದ ನನ್ನ ಶಿಷ್ಯನಿಗೂ ಇದೇ ಉತ್ತರ. ಭೂಮಿ ಎಲ್ಲಿಗೂ ಹೋಗಿಲ್ಲ ಮಗೂ, ನಿಯಮಗಳ ಬೇಲಿಯೊಳಗೆ ಇದೆ. ಬೇಲಿಯನ್ನು ಹಾಕಿದವರು ಮನುಷ್ಯರು, ಸರಿಸಬೇಕಾದವರೂ ಮನುಷ್ಯರೇ. ನಿನ್ನ ಬಡಾವಣೆಯಲ್ಲಿ ಸಭೆ ಕರೆದಾಗ ತಪ್ಪದೆ ಹೋಗು. ಮೇರಿ ಲೀ ಚಾನ್ ಮಾಡಿದ್ದೂ ಅಷ್ಟೇ.