ನೆಕಾರ್ ದಂಡೆಯ ಪುಟ್ಟ ಊರೂ ನಮ್ಮ ಕಿಟ್ಟೆಲ್ ಸಾಹೇಬರೂ

ತ್ರಿಪ್ಲಿಕೇನಿನ ಪೈಕ್ರಾಫ್ಟ್ಸ್ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂರುವವರನ್ನು ಇಲ್ಲಿದ್ದವರೆಲ್ಲ ಬಲ್ಲರು. ನಾನು ಬ್ಯಾಂಕಿಗೆ ಸೇರಿದ ಹೊಸತು, ಮ್ಯಾನ್ಶನ್ನೊಂದರ ರೂಮಿನಲ್ಲಿ ಇನ್ನಿಬ್ಬರ ಜೊತೆ ಇದ್ದೆ. 1994ರ ಒಂದು ಭಾನುವಾರ ಸಂಜೆ ಅಕೌಂಟೆನ್ಸಿ ಗೈಡುಗಳ ರಾಶಿಯ ಅಡಿಯಲ್ಲಿ ಕನ್ನಡ ಅಕ್ಷರ ಕಂಡಿತು. ಎಳೆದು ನೋಡಿದರೆ ಕಿಟ್ಟೆಲ್ ನಿಘಂಟು! ಮದ್ರಾಸ್ ವಿಶ್ವವಿದ್ಯಾಲಯ ಹೊರತಂದ ಪರಿಷ್ಕೃತ ಆವೃತ್ತಿಯ ಕೊನೆಯ ಸಂಪುಟ. ಮಿಕ್ಕ ಮೂರು ಇರಲಿಲ್ಲ. ಅಂಗಡಿಯವನಿಗೆ ಅದು ಯಾವ ಭಾಷೆ ಅಂತಲೂ ಗೊತ್ತಿರಲಿಲ್ಲ, ಹಾಗಾಗಿ ಅಗ್ಗಕ್ಕೇ ಸಿಕ್ಕಿತು ಅನ್ನಿ.

ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮೊದಲು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಸುಮಾರು 70,000 ಪದಗಳು. ಅದನ್ನು ಹಿಗ್ಗಿಸಿ, ತಿದ್ದಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದವರು ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಮರಿಯಪ್ಪ ಭಟ್ಟರು. ಆ ವಿಶ್ವವಿದ್ಯಾಲಯ ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ, ಚೆಪಾಕಿನಲ್ಲಿ. ಎಷ್ಟೋ ವರ್ಷ ಅದರ ಮುಂದೆಯೇ ಬಸ್ಸಿಗೆ ಕಾದಿದ್ದೇನೆ.

ಆ ಒಂಟಿ ಸಂಪುಟ ನನಗೆ ಮಾಡಿದ ಉಪಕಾರ ದೊಡ್ಡದು. ಕೊನೆಯ ಸಂಪುಟವಲ್ಲವೇ, 'ಹ'ಕಾರವೆಲ್ಲ ಅದರಲ್ಲೇ. ಮ್ಯಾನ್ಶನ್ ಕೆಳಗಿನ ಟೀ ಅಂಗಡಿಯವನು 'ಪಾಲ್' ಅನ್ನುತ್ತಿದ್ದ, ಪಾರ್ಥಸಾರಥಿ ಗುಡಿಯ ಮುಂದೆ ಹೂ ಮಾರುವಾಕೆ 'ಪೂ' ಅನ್ನುತ್ತಿದ್ದಳು. ಇದೇನು ಬೇರೆಯದೇ ಭಾಷೆ ಅಂತ ದೂರವಿಟ್ಟಿದ್ದೆ. ಕಿಟ್ಟೆಲ್ ತೆರೆದರೆ ಹಾಲು ಹಳಗನ್ನಡದಲ್ಲಿ ಪಾಲ್, ಹುಲಿ ಪುಲಿ, ಹೂ ಪೂ! ತಮಿಳು, ತೆಲುಗು, ಮಲಯಾಳ, ತುಳು ಎಲ್ಲವನ್ನೂ ಆ ಮನುಷ್ಯ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ್ದಾರೆ. ಈ ಊರಲ್ಲಿ ನಾನು ಪರಕೀಯನಲ್ಲ, ದಾಯಾದಿ ಅಂತ ಧೈರ್ಯ ಬಂದದ್ದು ಆಗಲೇ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, 2023ರ ಬೇಸಿಗೆಯಲ್ಲಿ ಅಕ್ಕನ ಮಗನ ಮನೆಗೆಂದು ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದೆವು. ಅಲ್ಲಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗೆ ಟ್ಯೂಬಿಂಗೆನ್ ಸಿಗುತ್ತದೆ. ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು ಅದು. ನೋಡದೆ ಬರಲು ಮನಸ್ಸಾಗಲಿಲ್ಲ. ಮಗನನ್ನು ಹೊರಡಿಸಿದೆ. ಅವನು ಅರೆಮನಸ್ಸಿನಲ್ಲೇ ಬಂದ.

ಊರೆಂದರೆ ಎಷ್ಟು ದೊಡ್ಡದು ಅಂತೀರಿ? ತೊಂಬತ್ತು ಸಾವಿರದ ಆಸುಪಾಸಿನ ಜನ, ಅದರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ನಡುವೆ ನೆಕಾರ್ ನದಿ. ಸೇತುವೆ ಮೇಲೆ ನಿಂತರೆ ನೀರಿಗೆ ಅಂಟಿಕೊಂಡಂತೆ ಹಳದಿ, ಗುಲಾಬಿ ಬಣ್ಣದ ಹಳೇ ಮನೆಗಳ ಸಾಲು. ಉದ್ದ ಗಳು ಊರಿ ನಡೆಸುವ ಚಪ್ಪಟೆ ದೋಣಿಗಳು ಓಡಾಡುತ್ತವೆ. ವರ್ಷಕ್ಕೊಮ್ಮೆ ದೋಣಿಸ್ಪರ್ಧೆ ಉಂಟು, ಸೋತ ತಂಡದವರು ಮೀನೆಣ್ಣೆ ಕುಡಿಯಬೇಕಂತೆ! ನಮ್ಮ ಕೂವಂ ನೆನೆದು ನಿಟ್ಟುಸಿರು ಬಿಟ್ಟೆ. ಇರಲಿ ಬಿಡಿ.

ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ. ಗಡ್ಡದ ಎಬರ್ಹಾರ್ಡ್ ಎಂದೇ ಹೆಸರಾದ ದೊರೆ ಸ್ಥಾಪಿಸಿದ್ದು. ಕೆಪ್ಲರ್ ಓದಿದ್ದು ಇಲ್ಲೇ. ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಇಲ್ಲಿನ ಮಠದಂಥ ವಿದ್ಯಾರ್ಥಿನಿಲಯದಲ್ಲಿ ಒಂದೇ ಕೋಣೆಯಲ್ಲಿದ್ದರು. ಬುದ್ಧಿಭ್ರಮಣೆಯಾದ ಹೋಲ್ಡರ್ಲಿನ್ ಅನ್ನು ಬಡಗಿಯೊಬ್ಬ ಮನೆಗೆ ಕರೆತಂದ. ಹೊಳೆ ದಂಡೆಯ ಆ ಹಳದಿ ಗೋಪುರದಲ್ಲಿ ಕವಿ 1807ರಿಂದ 1843ರವರೆಗೆ, ಸಾಯುವ ತನಕ, 36 ವರ್ಷ ಇದ್ದ. ಗುಡ್ಡದ ಮೇಲಿನ ಕೋಟೆಯ ಅಡುಗೆಮನೆಯೇ ಪ್ರಯೋಗಾಲಯವಾಗಿದ್ದಾಗ, 1869ರಲ್ಲಿ, ಮೀಷರ್ ಎಂಬ ಯುವಕ ಇಂದು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು. ಗಯಟೆ ಉಳಿದಿದ್ದ ಮನೆಗೆ ಫಲಕ ಹಾಕಿದ್ದಾರೆ. ಪಕ್ಕದ ಮನೆಯ ವಿದ್ಯಾರ್ಥಿಗಳು 'ಗಯಟೆ ಇಲ್ಲಿ ವಾಂತಿ ಮಾಡಿದ್ದ' ಅಂತ ತಮ್ಮದೊಂದು ಬೋರ್ಡು ತೂಗುಹಾಕಿದ್ದಾರೆ. ನನ್ನ ಮಗ ಇಡೀ ದಿನದಲ್ಲಿ ಮನಸಾರೆ ನಕ್ಕದ್ದು ಆಗ.

ಆದರೆ ನಾನು ಬಂದದ್ದು ಬೇರೆ ಲೆಕ್ಕಕ್ಕೆ. ಮಂಗಳೂರಿನಿಂದ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇದೇ ವಿಶ್ವವಿದ್ಯಾಲಯ. ಅವರ ಗೆಳೆಯ, ಮಲಯಾಳ ನಿಘಂಟಿನ ಗುಂಡರ್ಟ್ ಕೂಡ ಇಲ್ಲಿಯ ವಿದ್ಯಾರ್ಥಿಯೇ. ಅವರ ಹಸ್ತಪ್ರತಿಗಳೆಲ್ಲ ಈಗ ಇಲ್ಲಿನ ಗ್ರಂಥಾಲಯದಲ್ಲಿವೆ. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ ಈ ಗುಂಡರ್ಟರ ಮಗಳ ಮಗ. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ತಂದೆ ಕೆಲಕಾಲ ಮಂಗಳೂರಿನಲ್ಲಿದ್ದವರು. 1895ರಿಂದ ನಾಲ್ಕು ವರ್ಷ ಹೆಸ್ಸೆ ಇಲ್ಲಿ ಹೆಕನ್‌ಹವರ್ ಎಂಬ ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಆ ದಿನಗಳಲ್ಲೇ, 1896ರಲ್ಲಿ, ನಮ್ಮ ಕಿಟ್ಟೆಲ್‌ಗೂ ಈ ಊರಿನ ಗೌರವ ಡಾಕ್ಟರೇಟ್ ಸಿಕ್ಕಿತು. 1853ರಲ್ಲಿ ಇಂಡಿಯಾಕ್ಕೆ ಬಂದು, ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿ, ನಿಘಂಟು ಮುಗಿಸಿದ ಮನುಷ್ಯ. ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು 1903, ಅವರು ಸತ್ತ ವರ್ಷವೇ. ಮತಪ್ರಚಾರಕ್ಕೆಂದೇ ಬಂದವರು, ಸುಳ್ಳಲ್ಲ. ಆದರೆ ಆ ಕಾರಣಕ್ಕೆ ಈ ದುಡಿಮೆಯನ್ನು ಸಣ್ಣದು ಮಾಡುವವರ ಮಾತು ನನಗೆ ಸೇರುವುದಿಲ್ಲ.

ಹೊಳೆ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಮಾತಾಡುವುದು ಕನ್ನಡ, ಓದಲು ಬರುವುದು ತಮಿಳು, ಇಂಗ್ಲಿಷ್. ಕಲಿಸದೇ ಇದ್ದದ್ದು ನನ್ನದೇ ತಪ್ಪು. ಪ್ರಮೋಷನ್ನು, ವರ್ಗಾವಣೆ, ಆಡಿಟ್ಟು ಅಂತ ಆ ವರ್ಷಗಳು ಹೋದವು. ಬೇರೆ ನೆಪ ಹೇಳುವುದಿಲ್ಲ.

ವಾಪಸು ಬರುವ ರೈಲಿನಲ್ಲಿ ಅವನು ಮೊಬೈಲ್ ಹಿಡಿದು ಸುಮ್ಮನೆ ಕೂತಿದ್ದ. ಕ್ರಿಕೆಟ್ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ, "ಅಪ್ಪಾ, ಅಜ್ಜಿ ಯಾವಾಗಲೂ ಜಗಲಿ ಮೇಲೆ ಕೂತ್ಕೋ ಅಂತಿದ್ರಲ್ಲ, ಜಗಲಿ ಇದೆ ನೋಡಿ ಇದರಲ್ಲಿ" ಅಂದ. 1894ರ ನಿಘಂಟಿನ ಸ್ಕ್ಯಾನ್ ಪ್ರತಿ ಇಂಟರ್ನೆಟ್ಟಿನಲ್ಲಿ ಹುಡುಕಿಬಿಟ್ಟಿದ್ದ. ಕಿಟ್ಟೆಲ್ ಪ್ರತಿ ಕನ್ನಡ ಪದದ ಪಕ್ಕ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟಿದ್ದಾರೆ. ಬಿಳಿಯರ ಅನುಕೂಲಕ್ಕೆ ಮಾಡಿದ್ದು. ತ್ರಿಪ್ಲಿಕೇನಿನ ನನ್ನ ಮಗ ಅದನ್ನೇ ಹಿಡಿದುಕೊಂಡು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಹೋದ.

ನನ್ನ ಒಂಟಿ ಸಂಪುಟದಲ್ಲಿ 'ಜ' ಇಲ್ಲ. ಉಳಿದ ಮೂರಕ್ಕಾಗಿ ಈಗಲೂ ಭಾನುವಾರ ಪೈಕ್ರಾಫ್ಟ್ಸ್ ರಸ್ತೆಗೆ ಹೋಗುತ್ತೇನೆ, ಕೆಲವೊಮ್ಮೆ ಅವನೂ ಬರುತ್ತಾನೆ.