ಸರ್ವಸ್ವದಾನವಾಕ್ಯವೂ ಕ್ರೈಸ್ತರ ನಿತ್ಯಜೀವನವೂ

೧

ಒಂದು ಗ್ರಂಥವನ್ನು ಪ್ರಮಾಣವೆಂದು ಒಪ್ಪಿದ ಜನರಿಗೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಹಿಂದೊಮ್ಮೆ ಒಬ್ಬನನ್ನು ಕುರಿತು ಆಡಿದ ಮಾತು ಇಂದು ಅದನ್ನು ಓದುವವನಿಗೂ ವಿಧಿಯಾಗುವುದೆ? ಆಗುವುದಾದರೆ ಎಲ್ಲರಿಗೂ ಆಗುವುದೆ, ಕೆಲವರಿಗೆ ಮಾತ್ರವೆ? ಭಾರತದ ಮೀಮಾಂಸಕರು ಇದಕ್ಕೆ ಅಧಿಕಾರವಿಚಾರವೆಂದು ಹೆಸರಿಟ್ಟು, ಜೈಮಿನಿಸೂತ್ರಗಳ ಆರನೆಯ ಅಧ್ಯಾಯವನ್ನು ಅದಕ್ಕೆಂದೇ ಮೀಸಲಾಗಿಟ್ಟಿರುವರು. ಕ್ರೈಸ್ತರಲ್ಲಿ ಈ ಹೆಸರಿನ ಶಾಸ್ತ್ರವಿಲ್ಲ; ಆದರೆ ವಿಚಾರವು ಸಾವಿರದ ಎಂಟುನೂರು ವರ್ಷಗಳಿಂದ ನಡೆದುಬಂದಿದೆ. ಅಲ್ಲಿ ಅದು ಪಂಡಿತರ ವಾದದಲ್ಲಿ ಮಾತ್ರ ನಡೆಯದೆ ಮನೆ, ಹೊಲ, ಹೆಂಡತಿ, ಮಕ್ಕಳು, ಗಂಟಿನ ಹಣ ಇವುಗಳ ನಡುವೆ ನಡೆದುದರಿಂದ, ಅದರ ಚರಿತ್ರೆಯು ಜನಜೀವನದ ಚರಿತ್ರೆಯೂ ಆಗಿದೆ. ಇದನ್ನು ತೋರಿಸಲು ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ ಇಪ್ಪತ್ತೊಂದನೆಯ ವಾಕ್ಯದಷ್ಟು ಯೋಗ್ಯವಾದ ಉದಾಹರಣೆ ವಿರಳ.

೨

ಆ ವಾಕ್ಯದ ಪ್ರಕರಣ ಹೀಗಿದೆ. ಧನಿಕನಾದ ಒಬ್ಬ ತರುಣನು ಯೇಸುವಿನ ಬಳಿಗೆ ಬಂದು, ನಿತ್ಯಜೀವವನ್ನು ಪಡೆಯಲು ಯಾವ ಸತ್ಕರ್ಮವನ್ನು ಮಾಡಬೇಕೆಂದು ಕೇಳುತ್ತಾನೆ. ಕೊಲೆ, ವ್ಯಭಿಚಾರ, ಕಳವು, ಸುಳ್ಳುಸಾಕ್ಷಿ ಇವನ್ನು ಬಿಡಬೇಕು, ತಾಯಿತಂದೆಯರನ್ನು ಗೌರವಿಸಬೇಕು, ನೆರೆಯವನನ್ನು ಪ್ರೀತಿಸಬೇಕು ಎಂಬ ಆಜ್ಞೆಗಳನ್ನು ಆತನು ನೆನಪಿಗೆ ತರುತ್ತಾನೆ. ಇವೆಲ್ಲವನ್ನೂ ನಡೆಸಿರುವೆನು, ಇನ್ನೇನು ಕೊರತೆ ಎಂದು ತರುಣನು ಮರಳಿ ಕೇಳಲು, ಪೂರ್ಣತೆಯನ್ನು ಬಯಸುವೆಯಾದರೆ ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸಬೇಕೆಂಬ ಉತ್ತರ ಬರುತ್ತದೆ. ತರುಣನಿಗೆ ಬಹಳ ಆಸ್ತಿಯಿದ್ದುದರಿಂದ ಅವನು ದುಃಖದಿಂದ ಹೊರಟುಹೋಗುತ್ತಾನೆ.

ಈ ಪ್ರಸಂಗವು ಮಾರ್ಕ, ಲೂಕರ ಸುವಾರ್ತೆಗಳಲ್ಲಿಯೂ ಇದೆ. ಆದರೆ ಪೂರ್ಣತೆಯನ್ನು ಬಯಸುವೆಯಾದರೆ ಎಂಬ ನಿಬಂಧನೆಯು ಮತ್ತಾಯನಲ್ಲಿ ಮಾತ್ರವಿದ್ದು, ಉಳಿದಿಬ್ಬರಲ್ಲಿ ನಿನಗೆ ಒಂದು ಕೊರತೆಯಿದೆ ಎಂಬ ಅಭಿಪ್ರಾಯದ ಮಾತಿದೆ. ಈ ಭೇದವು ಅಲ್ಪವಾದುದಲ್ಲ. ಫಲವನ್ನು ಬಯಸುವವನು ಮಾತ್ರ ಮಾಡತಕ್ಕ ಕರ್ಮವು ಕಾಮ್ಯ. ಬಿಟ್ಟರೆ ದೋಷ ಬರುವಂಥದು ನಿತ್ಯ. ಮತ್ತಾಯನ ಪಾಠವನ್ನು ಹಿಡಿದರೆ ಸರ್ವಸ್ವದಾನವು ಕಾಮ್ಯದಂತೆ ತೋರುತ್ತದೆ. ಉಳಿದಿಬ್ಬರ ಪಾಠವನ್ನು ಹಿಡಿದರೆ ನಿತ್ಯದ ಕಡೆಗೆ ವಾಲುತ್ತದೆ.

ಬೈಬಲಿನ ಇತರ ಭಾಗಗಳಲ್ಲಿಯೂ ಎರಡು ಪಕ್ಷಗಳಿಗೂ ಆಧಾರ ದೊರೆಯುತ್ತದೆ. ಧನಿಕನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭವೆಂಬ ಮಾತು ಈ ಪ್ರಕರಣದ ಬೆನ್ನಿಗೇ ಇದೆ. ಆದರೆ ಲೂಕನ ಮುಂದಿನ ಅಧ್ಯಾಯದಲ್ಲಿಯೇ ಸುಂಕದ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವೆನೆಂದಾಗ, ಉಳಿದರ್ಧವನ್ನು ಯಾರೂ ಕೇಳುವುದಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಮೊದಲ ಶಿಷ್ಯರು ಹೊಲಮನೆಗಳನ್ನು ಮಾರಿ ಹಂಚಿಕೊಂಡರೆಂದಿದೆ. ಅಲ್ಲಿಯೇ ಪೇತ್ರನು ಅನನೀಯನಿಗೆ, ಹೊಲವು ಮಾರುವ ಮೊದಲು ಅವನದೇ ಆಗಿತ್ತು, ಮಾರಿದ ಮೇಲೆ ಹಣವೂ ಅವನ ವಶದಲ್ಲಿಯೇ ಇತ್ತು ಎಂದು ಜ್ಞಾಪಿಸುತ್ತಾನೆ. ಅಲ್ಲಿ ಖಂಡಿಸಲ್ಪಟ್ಟದ್ದು ಸುಳ್ಳು, ಆಸ್ತಿಯನ್ನು ಇಟ್ಟುಕೊಂಡದ್ದಲ್ಲ.

೩

ಈ ವಾಕ್ಯದ ಮೇಲೆ ದೊರೆಯುವ ಪ್ರಾಚೀನ ವಿಚಾರಗ್ರಂಥಗಳಲ್ಲಿ ಮುಖ್ಯವಾದುದು ಅಲೆಕ್ಸಾಂಡ್ರಿಯದ ಕ್ಲೆಮೆಂಟನದು. ಸುಮಾರು ಕ್ರಿ. ಶ. ೨೦೦ರ ಕಾಲದಲ್ಲಿದ್ದ ಈತನು ಉದ್ಧಾರವಾಗುವ ಧನಿಕನಾರು ಎಂಬ ವಿಷಯವಾಗಿ ಒಂದು ಪ್ರವಚನವನ್ನು ಬರೆದನು. ಆ ವೇಳೆಗೆ ಆ ವ್ಯಾಪಾರದ ಪಟ್ಟಣದಲ್ಲಿ ಹಣವಂತರೂ ಕ್ರೈಸ್ತರಾಗುತ್ತಿದ್ದು, ಈ ವಾಕ್ಯವನ್ನು ಕೇಳಿ ನಿರಾಶರಾಗುತ್ತಿದ್ದರು. ಧನವು ಒಂದು ಉಪಕರಣ, ಬಿಡಬೇಕಾದುದು ಅದರಲ್ಲಿರುವ ಆಸಕ್ತಿ ಎಂದು ಕ್ಲೆಮೆಂಟನ ಸಿದ್ಧಾಂತ. ಯಾರಲ್ಲಿಯೂ ಏನೂ ಇಲ್ಲದಿದ್ದರೆ ಹಸಿದವನಿಗೆ ಅನ್ನವನ್ನಿಕ್ಕುವವರಾರು ಎಂಬುದು ಆತನ ಮುಖ್ಯ ಯುಕ್ತಿ. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟುಬಿಟ್ಟ ರಘುವಿನ ಮನೆಗೆ ಕೌತ್ಸನು ಗುರುದಕ್ಷಿಣೆಗಾಗಿ ಬಂದಾಗ, ಅರ್ಘ್ಯಕ್ಕೆ ಮಣ್ಣಿನ ಪಾತ್ರೆಯೊಂದೇ ಉಳಿದಿದ್ದುದನ್ನು ಕಾಳಿದಾಸನ ಕಾವ್ಯದಿಂದ ಬಲ್ಲವರಿಗೆ ಈ ಯುಕ್ತಿಯ ಬಲವನ್ನು ವಿವರಿಸಬೇಕಾಗಿಲ್ಲ. ರಘುವಿಗೆ ಕುಬೇರನ ಧನವು ಒದಗಿಬಂದಿತು. ಸಾಮಾನ್ಯ ಗೃಹಸ್ಥನಿಗೆ ಆ ಭರವಸೆಯಿಲ್ಲ.

ಕ್ಲೆಮೆಂಟನ ತರುವಾಯ ಸುಮಾರು ಎಪ್ಪತ್ತು ವರ್ಷಗಳಿಗೆ ಅದೇ ಈಜಿಪ್ಟ್ ದೇಶದಲ್ಲಿ ಅಂತೋನಿಯೆಂಬ ಯುವಕನು ಈ ವಾಕ್ಯವನ್ನು ಬೇರೆ ರೀತಿಯಾಗಿ ಕೇಳಿದನು. ಇವನ ಚರಿತ್ರೆಯನ್ನು ಅಥನಾಸಿಯನು ಬರೆದಿರುವನು. ತಾಯಿತಂದೆಗಳು ತೀರಿಹೋಗಿ, ತಂಗಿಯ ಭಾರವು ಮೇಲೆ ಬಿದ್ದಿದ್ದ ಕಾಲದಲ್ಲಿ ಅಂತೋನಿಯು ದೇವಾಲಯಕ್ಕೆ ಹೋದಾಗ ಈ ವಾಕ್ಯವನ್ನು ಓದುತ್ತಿದ್ದರು. ಅದು ತನಗಾಗಿಯೇ ಓದಲ್ಪಟ್ಟಿತೆಂದು ಅವನು ಗ್ರಹಿಸಿ, ಪಿತ್ರಾರ್ಜಿತವಾದ ಮುನ್ನೂರು ಅರೂರ ಫಲವತ್ತಾದ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟು, ಚರಸ್ವತ್ತನ್ನು ಮಾರಿ ಬಡವರಿಗೆ ಹಂಚಿದನು. ತಂಗಿಗಾಗಿ ಸ್ವಲ್ಪವನ್ನು ಉಳಿಸಿದ್ದನು. ನಾಳಿನ ಚಿಂತೆ ಬೇಡವೆಂಬ ಇನ್ನೊಂದು ವಾಕ್ಯವನ್ನು ಕೇಳಿದ ಮೇಲೆ ಅದನ್ನೂ ಕೊಟ್ಟು, ಅವಳನ್ನು ವ್ರತಸ್ಥ ಕನ್ಯೆಯರ ವಶಕ್ಕೆ ಒಪ್ಪಿಸಿ ತಪಸ್ಸಿಗೆ ಹೊರಟನು. ಕ್ರೈಸ್ತಸಂನ್ಯಾಸದ ಆದರ್ಶವು ಬಹುಮಟ್ಟಿಗೆ ಈ ಚರಿತ್ರೆಯಿಂದ ಬೆಳೆಯಿತು. ೩೮೬ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನನು ಪೌಲನ ಪತ್ರಿಕೆಯನ್ನು ತೆರೆದು ಕಣ್ಣಿಗೆ ಬಿದ್ದ ವಾಕ್ಯವನ್ನು ತನಗೇ ಹೇಳಿದುದೆಂದು ತಿಳಿದಾಗ, ಆತನ ನೆನಪಿನಲ್ಲಿದ್ದುದು ಅಂತೋನಿಯ ದೃಷ್ಟಾಂತವೇ.

ಅದೇ ಅಗಸ್ಟೀನನಿಗೆ ಮುಂದೆ ಬಿಷಪ್ ಪದವಿಯಲ್ಲಿದ್ದಾಗ, ಸುಮಾರು ೪೧೪ರಲ್ಲಿ, ಸಿಸಿಲಿಯ ಸಿರಕ್ಯೂಸಿನಿಂದ ಹಿಲಾರಿಯೆಂಬವನ ಪತ್ರ ಬಂದಿತು. ಸರ್ವಸ್ವವನ್ನೂ ಮಾರದ ಧನಿಕನಿಗೆ ಸದ್ಗತಿಯೇ ಇಲ್ಲವೆಂದು ಅಲ್ಲಿ ಕೆಲವರು ಬೋಧಿಸುತ್ತಿರುವರು, ಇದು ಸರಿಯೆ ಎಂಬುದು ಪ್ರಶ್ನೆ. ಆಜ್ಞೆಗಳನ್ನು ಪಾಲಿಸುವುದು ಬೇರೆ, ಪೂರ್ಣತೆಯನ್ನು ಅರಸುವುದು ಬೇರೆ ಎಂದು ವಿಭಾಗಿಸಿ, ಧನಿಕರನ್ನು ಹಾಗೆ ಬಹಿಷ್ಕರಿಸುವುದು ಸಲ್ಲದೆಂದು ಆತನು ಉತ್ತರವಿತ್ತನು. ಆದರೆ ತಾನು ಆ ಪೂರ್ಣತೆಯನ್ನೇ ಆರಿಸಿಕೊಂಡಿರುವೆನೆಂಬುದನ್ನೂ ಅದೇ ಪತ್ರದಲ್ಲಿ ತಿಳಿಸಿದನು. ತನಗೆ ನಿಯಮವನ್ನು ಬಿಗಿಯಾಗಿ ಇಟ್ಟುಕೊಂಡು ಪರರಿಗೆ ಅವಕಾಶ ಕೊಟ್ಟ ಈ ನಡೆಯು ಗಮನಾರ್ಹವಾದುದು. ಮಧ್ಯಯುಗದಲ್ಲಿ ಎಲ್ಲರಿಗೂ ಆಜ್ಞೆ, ಕೆಲವರಿಗೆ ಬುದ್ಧಿವಾದ ಎಂಬ ವಿಭಾಗವು ಶಾಸ್ತ್ರವಾಗಿ ನೆಲೆಗೊಂಡು, ಥಾಮಸ್ ಅಕ್ವಿನಾಸನ ಗ್ರಂಥದಲ್ಲಿ ಸಂಪೂರ್ಣ ರೂಪವನ್ನು ಪಡೆಯಿತು.

೪

ಗೃಹಸ್ಥನೊಬ್ಬನು ಈ ವಾಕ್ಯವನ್ನು ತನ್ನ ಮೇಲೆ ಹಾಕಿಕೊಂಡಾಗ ಏನಾಗುತ್ತದೆಂಬುದನ್ನು ಲಿಯೋನ್ ಪಟ್ಟಣದ ವರ್ತಕ ವಾಲ್ಡೋನ ವೃತ್ತಾಂತದಿಂದ ತಿಳಿಯಬಹುದು. ಸುಮಾರು ೧೧೭೩ರಲ್ಲಿ ಈತನು ಪೂರ್ಣತೆಯ ಮಾರ್ಗವಾವುದೆಂದು ಒಬ್ಬ ಪಂಡಿತನನ್ನು ಕೇಳಿದಾಗ, ಆತನು ಈ ವಾಕ್ಯವನ್ನೇ ಹೇಳಿದನಂತೆ. ವಾಲ್ಡೋ ಸ್ಥಿರಸ್ವತ್ತನ್ನು ಹೆಂಡತಿಗೆ ಬಿಟ್ಟನು. ಅನ್ಯಾಯವಾಗಿ ಯಾರಿಂದ ಲಾಭ ಪಡೆದಿದ್ದನೋ ಅವರಿಗೆ ಹಣವನ್ನು ಹಿಂದಿರುಗಿಸಿದನು. ಹೆಣ್ಣುಮಕ್ಕಳನ್ನು ಫಾಂತೆವ್ರೋ ಮಠಕ್ಕೆ ಸೇರಿಸಿದನು. ಉಳಿದುದನ್ನು ಬಡವರಿಗೆ ಹಂಚಿದನು. ಆ ಬಳಿಕ ಅವನು ಸ್ನೇಹಿತನ ಮನೆಯಲ್ಲಿ ಅನ್ನವನ್ನು ಬೇಡಿದ ಸುದ್ದಿಯನ್ನು ಕೇಳಿ, ಹೆಂಡತಿಯು ಆರ್ಚ್‌ಬಿಷಪ್ಪನ ಬಳಿಗೆ ಅಳುತ್ತ ಹೋದಳು. ಆ ಪಟ್ಟಣದಲ್ಲಿರುವಾಗ ವಾಲ್ಡೋ ತನ್ನ ಹೆಂಡತಿಯಲ್ಲಿ ಹೊರತು ಬೇರೆಯವರಲ್ಲಿ ಉಣ್ಣಬಾರದೆಂದು ಆಜ್ಞೆಯಾಯಿತೆಂದು ಆ ಕಾಲದ ಒಂದು ವೃತ್ತಾಂತಗ್ರಂಥವು ಹೇಳುತ್ತದೆ.

ವಿಶ್ವಜಿತ್ತಿನಲ್ಲಿ ಸರ್ವಸ್ವವೆಂದರೆ ಏನೇನು ಎಂಬ ಪ್ರಶ್ನೆಯನ್ನು ಜೈಮಿನಿಯು ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ಎತ್ತಿ, ಯಾವುದರ ಮೇಲೆ ಒಡೆತನವಿದೆಯೋ ಅದನ್ನು ಮಾತ್ರ ಕೊಡಬಹುದೆಂದು ನಿರ್ಣಯಿಸಿರುವನು. ತಾಯಿತಂದೆಗಳು ತನ್ನವರಾದರೂ ದಾನದ ವಸ್ತುಗಳಲ್ಲ. ಲಿಯೋನಿನ ಆ ಹೆಂಗಸಿನ ಕಣ್ಣೀರಿನ ಹಿಂದಿರುವ ನ್ಯಾಯವೂ ಇದೇ. ಗಂಡನು ತನ್ನ ಹಣವನ್ನು ಕೊಡಬಲ್ಲನು. ಅವಳಿಗೆ ಸಲ್ಲಬೇಕಾದ ಸಾಂಗತ್ಯವನ್ನು ಕೊಟ್ಟುಬಿಡಲು ಅವನಿಗೆ ಒಡೆತನವಿಲ್ಲ.

ವಾಲ್ಡೋ ಸುವಾರ್ತೆಗಳನ್ನು ದೇಶಭಾಷೆಗೆ ಪರಿವರ್ತಿಸಿ ಅನುಯಾಯಿಗಳೊಡನೆ ಬೀದಿಯಲ್ಲಿ ಬೋಧಿಸತೊಡಗಿದನು. ೧೧೭೯ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರನು ಅವನ ಬಡತನದ ವ್ರತವನ್ನು ಮೆಚ್ಚಿದರೂ, ಪಾದ್ರಿಗಳ ಅನುಮತಿಯಿಲ್ಲದೆ ಬೋಧಿಸಕೂಡದೆಂದನು. ಆ ಕಟ್ಟಳೆಯನ್ನು ಮೀರಿದುದರಿಂದ ೧೧೮೪ರಲ್ಲಿ ವಾಲ್ಡೋಪಂಥದವರಿಗೆ ಬಹಿಷ್ಕಾರವಾಯಿತು.

ಇಪ್ಪತ್ತೈದು ವರ್ಷಗಳ ಮೇಲೆ ಅಸಿಸಿಯ ಫ್ರಾನ್ಸಿಸನು ಅದೇ ವಾಕ್ಯವನ್ನು ಹಿಡಿದು ಬೇರೆ ಫಲವನ್ನು ಪಡೆದನು. ತನ್ನ ಮೊದಲ ಸಂಗಡಿಗನಾದ ಬರ್ನಾರ್ಡನೊಡನೆ ದೇವಾಲಯದಲ್ಲಿ ಸುವಾರ್ತೆಯನ್ನು ಮೂರು ಸಲ ತೆರೆದು ನೋಡಲು, ಒಂದು ಸಲ ಬಂದುದು ಈ ವಾಕ್ಯವೇ ಎಂದು ಪ್ರತೀತಿ. ೧೨೦೯ರಲ್ಲಿ ಅವರು ರೋಮಿಗೆ ಹೋಗಿ ಪೋಪನ ಸಮ್ಮತಿಯನ್ನು ಬೇಡಿದರು. ಮೂರನೆಯ ಇನ್ನೊಸೆಂಟನು ಬಾಯಿಮಾತಿನಿಂದ ಒಪ್ಪಿಗೆ ಕೊಟ್ಟನು. ೧೨೨೩ರಲ್ಲಿ ಮುದ್ರೆ ಪಡೆದ ಅವರ ನಿಯಮದ ಎರಡನೆಯ ಪ್ರಕರಣವು ಬಹು ವಿವೇಕದಿಂದ ಕೂಡಿದೆ. ಸಂಘವನ್ನು ಸೇರಬಯಸುವವನು ಸ್ವತ್ತನ್ನು ಮಾರಿ ಬಡವರಿಗೆ ಕೊಡಬೇಕು. ಅದು ಸಾಧ್ಯವಾಗದಿದ್ದರೆ ಅವನ ಸದಿಚ್ಛೆಯೇ ಸಾಕು. ವಿವಾಹಿತನಾದರೆ, ಹೆಂಡತಿಯು ತಾನೇ ಮಠವನ್ನು ಸೇರಿರಬೇಕು, ಇಲ್ಲವೆ ಅವನಿಗೆ ಅನುಮತಿಯಿತ್ತಿರಬೇಕು. ಲಿಯೋನಿನಲ್ಲಿ ಇತ್ಯರ್ಥವಾಗದಿದ್ದ ವಿಷಯವು ಇಲ್ಲಿ ನಿಯಮರೂಪದಿಂದ ಇತ್ಯರ್ಥವಾಯಿತು.

೫

ಆದರೆ ಒಬ್ಬನು ತನ್ನ ಮೇಲೆ ಹಾಕಿಕೊಂಡ ವ್ರತವು ಸಂಸ್ಥೆಯ ಕಟ್ಟಳೆಯಾದಾಗ ಬೇರೆ ಕಷ್ಟಗಳು ಹುಟ್ಟಿದವು. ಫ್ರಾನ್ಸಿಸನ ಸಂಘದವರು ಕಣಜದಲ್ಲಿ ಧಾನ್ಯವನ್ನು ಕೂಡಿಡಬಹುದೆ, ಅಂಗಿಯ ಉದ್ದವೆಷ್ಟಿರಬೇಕು ಎಂಬ ವಿವಾದಗಳು ಎದ್ದವು. ಮೇಲಧಿಕಾರಿಗಳಿಗೆ ವಿಧೇಯರಾಗಿರಬೇಕೆಂದು ಪೋಪ್ ಇಪ್ಪತ್ತೆರಡನೆಯ ಜಾನನು ೧೩೧೭ರಲ್ಲಿ ಶಾಸನವಿತ್ತನು. ಅದಕ್ಕೆ ಬಾಗದ ನಾಲ್ವರನ್ನು ೧೩೧೮ರ ಮೇ ೭ರಂದು ಮಾರ್ಸೇಲಿನಲ್ಲಿ ಸುಟ್ಟರು. ೧೩೨೩ರಲ್ಲಿ, ಕ್ರಿಸ್ತನೂ ಆತನ ಶಿಷ್ಯರೂ ಏನನ್ನೂ ಹೊಂದಿರಲಿಲ್ಲವೆಂದು ಪಟ್ಟುಹಿಡಿದು ಸಾಧಿಸುವುದು ಪಾಷಂಡವಾದವೆಂದು ಘೋಷಿತವಾಯಿತು. ದುಃಖದಿಂದ ಹೊರಟುಹೋದ ತರುಣನನ್ನು ಯೇಸು ತಡೆಯಲಿಲ್ಲವೆಂಬುದನ್ನು ಆ ಕಾಲದವರು ಮರೆತಂತೆ ಕಾಣುತ್ತದೆ.

ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು ಆಜ್ಞೆ, ಬುದ್ಧಿವಾದಗಳ ವಿಭಾಗವನ್ನೇ ತಳ್ಳಿಹಾಕಿದನು. ೧೫೨೧ರಲ್ಲಿ ಸಂನ್ಯಾಸವ್ರತಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಪೂರ್ಣತೆಯೆಂಬುದು ಒಂದು ವರ್ಗದವರ ಸೊತ್ತಲ್ಲವೆಂದು ಸಾಧಿಸಿದನು. ಚಮ್ಮಾರನ ಉಳಿಯೂ ತಾಯಿಯ ತೊಟ್ಟಿಲೂ ದೇವರ ಸೇವೆಯೇ ಆದ ಮೇಲೆ ಎಲ್ಲವನ್ನೂ ಬಿಟ್ಟು ಹೋಗುವ ಅಗತ್ಯವೇ ಉಳಿಯಲಿಲ್ಲ. ೧೫೨೩ರಲ್ಲಿ ಲೈಸ್ನಿಗ್ ಪಟ್ಟಣದವರು ದೇವಾಲಯದ ಸ್ವತ್ತನ್ನು ಬಡವರ ಪೋಷಣೆಗಾಗಿ ಒಂದು ಸಾಧಾರಣ ಪೆಟ್ಟಿಗೆಯಲ್ಲಿಡಲು ಏರ್ಪಡಿಸಿದಾಗ, ಲೂಥರನು ಆ ಕಟ್ಟಳೆಗೆ ಮುನ್ನುಡಿ ಬರೆದನು. ಗೃಹಸ್ಥನಿಗೆ ಗೌರವ ಬಂದಿತು. ಆದರೆ ವಾಕ್ಯದ ಮೊನೆಯು ಮೊಂಡಾಗುವ ಅಪಾಯವೂ ಬಂದಿತು.

ಆ ಮೊನೆಯನ್ನು ಗೃಹಸ್ಥನ ಲೆಕ್ಕದ ಪುಸ್ತಕದಲ್ಲಿ ಮತ್ತೆ ಹರಿತಗೊಳಿಸಿದವನು ಇಂಗ್ಲೆಂಡಿನ ಜಾನ್ ವೆಸ್ಲಿ (೧೭೦೩–೧೭೯೧). ನ್ಯಾಯವಾಗಿ ದುಡಿಯಬೇಕು, ಉಳಿಸಬೇಕು, ಉಳಿಸಿದುದೆಲ್ಲವನ್ನೂ ಕೊಡಬೇಕು ಎಂದು ಆತನ ಉಪದೇಶ. ಆಕ್ಸ್‌ಫರ್ಡಿನ ಒಬ್ಬ ತರುಣನಿಗೆ ವರ್ಷಕ್ಕೆ ಮೂವತ್ತು ಪೌಂಡು ವರಮಾನವಿದ್ದಾಗ ಇಪ್ಪತ್ತೆಂಟರಲ್ಲಿ ಜೀವಿಸಿ ಎರಡನ್ನು ದಾನಮಾಡಿದನು, ವರಮಾನವು ಅರವತ್ತು, ತೊಂಬತ್ತು, ನೂರಿಪ್ಪತ್ತಾದಾಗಲೂ ಇಪ್ಪತ್ತೆಂಟರಲ್ಲಿಯೇ ಜೀವಿಸಿ ಉಳಿದುದನ್ನು ಕೊಟ್ಟನು ಎಂದು ಆತನು ಒಂದು ಪ್ರವಚನದಲ್ಲಿ ಹೇಳಿರುವನು. ಆ ತರುಣನು ವೆಸ್ಲಿಯೇ ಎಂದು ಸಾಮಾನ್ಯವಾಗಿ ಒಪ್ಪಿರುವರು. ಇಲ್ಲಿ ಸರ್ವಸ್ವದಾನವು ಒಂದು ದಿನದ ಕರ್ಮವಾಗಿರದೆ ವರ್ಷವರ್ಷದ ವ್ರತವಾಗಿದೆ.

೬

ಇನ್ನು ಕನ್ನಡನಾಡಿನ ಸಂಬಂಧವಾಗಿ ಒಂದು ಮಾತು ಹೇಳತಕ್ಕದ್ದಿದೆ. ೧೮೩೪ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅಲ್ಲಿ ದೀಕ್ಷಾಸ್ನಾನ ಪಡೆದವರ ಮುಂದೆ ಈ ವಾಕ್ಯವು ತಲೆಕೆಳಗಾಗಿ ನಿಂತಿತು. ಅವಿಭಕ್ತ ಕುಟುಂಬದಿಂದಲೂ ಕುಲದ ಕಸಬಿನಿಂದಲೂ ಹೊರಬಿದ್ದವನಿಗೆ ಮಾರಲು ಏನೂ ಇರುತ್ತಿರಲಿಲ್ಲ. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ನಷ್ಟವಾಗದೆಂಬ ಕಾಯಿದೆಯು ಬಂದುದೇ ೧೮೫೦ರಲ್ಲಿ. ಕಾಯಿದೆ ಬಂದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುವುದೂ ಇಲ್ಲ. ಆದುದರಿಂದ ಮಿಷನ್ನಿನವರಿಗೆ ತ್ಯಾಗೋಪದೇಶಕ್ಕಿಂತ ಜೀವನೋಪಾಯವೇ ಮೊದಲನೆಯ ಕರ್ತವ್ಯವಾಯಿತು. ಮುದ್ರಣಶಾಲೆ, ನೇಯ್ಗೆಯ ಮಗ್ಗಗಳು, ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ಇವು ಒಂದೊಂದಾಗಿ ಎದ್ದವು. ಅಧಿಕಾರವಿಚಾರದ ದೃಷ್ಟಿಯಿಂದ ಇದು ಸಮಂಜಸವೇ. ಉಳ್ಳವನಿಗೆ ಹೇಳಿದ ವಾಕ್ಯದಲ್ಲಿ ಬಡವನಿಗೂ ಸ್ಥಾನವಿದೆ. ಅದು ಕೊಡುವವನ ಸ್ಥಾನವಲ್ಲ, ಪಡೆಯುವವನದು.

ಈ ಚರಿತ್ರೆಯಿಂದ ಒಂದು ನಿರ್ಣಯವನ್ನು ತೆಗೆಯಬಹುದಾಗಿದೆ. ಪೂರ್ವಾಪರ ಪ್ರಕರಣವನ್ನು ನೋಡದೆ ವಾಕ್ಯವನ್ನು ಕಿತ್ತು ಹಿಡಿಯುವುದು ದೋಷವೆಂದು ಪಂಡಿತರು ಹೇಳುವುದು ಸತ್ಯ. ಆದರೆ ಅಂತೋನಿಯಾಗಲಿ ಫ್ರಾನ್ಸಿಸನಾಗಲಿ ಪ್ರಕರಣವಿಚಾರದಿಂದ ಹುಟ್ಟಿದವರಲ್ಲ. ಕೇಳಿದ ಮಾತು ತನಗೆ ಎಂದುಕೊಂಡು ಎದ್ದವರು. ಆ ಗ್ರಹಣವು ತನ್ನ ವಿಷಯದಲ್ಲಿ ನಿಂತಿರುವವರೆಗೆ ಲೋಕಕ್ಕೆ ಉಪಕಾರವಾಗಿದೆ. ಹೆಂಡತಿಯ ಒಪ್ಪಿಗೆಯಿಲ್ಲದೆ ಅವಳ ಮೇಲೆ, ಮನಸ್ಸಿಲ್ಲದ ಧನಿಕನ ಮೇಲೆ, ಇಡೀ ಸಂಘದ ಮೇಲೆ ಅದನ್ನು ಹೊರಿಸಹೋದಾಗಲೆಲ್ಲ ಕಲಹ ಹುಟ್ಟಿದೆ. ಅದನ್ನು ಅಧಿಕಾರದಿಂದ ಅಡಗಿಸಹೋದಾಗ ಬೆಂಕಿಯೂ ಹತ್ತಿದೆ. ವಾಕ್ಯದ ಅಧಿಕಾರಿಯಾರು ಎಂಬುದನ್ನು ಪ್ರತಿಯೊಬ್ಬನೂ ತನ್ನ ಮಟ್ಟಿಗೆ ನಿರ್ಣಯಿಸಿಕೊಳ್ಳಬಲ್ಲನು. ನೆರೆಯವನ ಮಟ್ಟಿಗೆ ನಿರ್ಣಯಿಸುವ ಹಕ್ಕು ಅವನಿಗಿಲ್ಲ. ಸಿರಕ್ಯೂಸಿಗೆ ಬರೆದ ಪತ್ರದಲ್ಲಿ ಅಗಸ್ಟೀನನು ಹಿಡಿದ ಮಾರ್ಗವೂ ಇದೇ ಆಗಿರುತ್ತದೆ.