ಗಾಡಿಯ ಚಿತ್ರಕ್ಕೊಂದು ಮನೆ

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಕುಂದಗೋಳದಲ್ಲಿ ಇಳಿದು, ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗುತ್ತಿದ್ದರು. ಅದೇ ಗುರುವಿನ ಮನೆಯಲ್ಲಿ ಶಿಷ್ಯನಾಗಿದ್ದ ಭೀಮಸೇನ ಜೋಶಿ ಅದಕ್ಕೂ ಮೊದಲು, ಹುಡುಗನಾಗಿದ್ದಾಗ, ಸಂಗೀತದ ಹುಚ್ಚು ಹಿಡಿದು ಗದಗಿನಿಂದ ಓಡಿಹೋದದ್ದೂ ರೈಲು ಹತ್ತಿಯೇ. ಕಿರಾಣಾ ಘರಾಣೆ ನಮ್ಮ ಸೀಮೆಯಲ್ಲಿ ಬೇರು ಬಿಟ್ಟ ಕಥೆಯಲ್ಲಿ ಮೀಟರ್ ಗೇಜ್ ಗಾಡಿಗೂ ಒಂದು ಪಾತ್ರವಿದೆ. ಆದರೆ ಆ ಗಾಡಿ ಕುಂದಗೋಳದ ಟೇಶನ್ನಿನಲ್ಲಿ ನಿಂತ ಒಂದು ಫೋಟೊ ತೋರಿಸಿ ಎಂದರೆ ನನ್ನ ಹತ್ತಿರ ಇಲ್ಲ. ಹುಡುಕಿದ ಕಡೆಯಲ್ಲೆಲ್ಲ ಸಂಗೀತಗಾರರ ಚಿತ್ರಗಳು ಸಿಕ್ಕವು, ಗಾಡಿಯದು ಸಿಗಲಿಲ್ಲ.

1930ರ ದಶಕದ ಚಿತ್ರ ಸಿಗದಿರುವುದು ದೊಡ್ಡ ಮಾತಲ್ಲ. ಆಗ ಕ್ಯಾಮೆರಾ ಯಾರ ಕೈಯಲ್ಲಿತ್ತು? ನನ್ನನ್ನು ಕಾಡುವುದು ಬೇರೆ ಸಂಗತಿ. 1990ರ ದಶಕದ ಚಿತ್ರಗಳೂ ಸಿಗುತ್ತಿಲ್ಲ. ಆ ಹೊತ್ತಿಗೆ ಕ್ಯಾಮೆರಾ ಇತ್ತು, ತೆಗೆಯುವವರು ಇದ್ದರು, ತೆಗೆದದ್ದನ್ನು ಮುಂದೆ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದವರೂ ಇದ್ದರು. ಏರಿಸಿದ ಮೇಲೆ ಅವು ಎಲ್ಲಿ ಹೋದವು ಎಂಬುದೇ ಈ ಬರಹದ ವಿಷಯ.

ಮೊದಲು ಹಳಿಯ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1876-78ರ ಭೀಕರ ಬರದ ನಂತರ, ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತರೆಂಬ ಪಾಠ ಕಲಿತ ಸರಕಾರ ಈ ಭಾಗಕ್ಕೆ ರೈಲು ತರಲು ಹೊರಟಿತು. ಅದಕ್ಕಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೋಟಗಿ-ಗದಗ ಮಾರ್ಗ 1884ರಲ್ಲಿ ತೆರೆಯಿತು. ಬರಕ್ಕೆಂದು ಬಂದ ಹಳಿ ಬೇಗನೆ ಎರೆ ಹೊಲದ ಹತ್ತಿಯನ್ನು ಹೊರತೊಡಗಿತು. ಕಂಪನಿ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ ರೈಲ್ವೆ ಕೆಲಸ ಶುರುಮಾಡಿದ್ದು 2003ರಲ್ಲಿ. ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಕುಂದಗೋಳ ಬೆಂಗಳೂರಿನ ಮಾರ್ಗದ ಮೇಲಿದೆ, ಅಣ್ಣಿಗೇರಿ ಗದಗಿನ ಮಾರ್ಗದ ಮೇಲಿದೆ. ನವಲಗುಂದಕ್ಕೂ ಕಲಘಟಗಿಗೂ ಹಳಿಯೇ ಬರಲಿಲ್ಲ. ಜಮಖಾನದ ಊರಿನವರಾಗಲಿ ತೊಟ್ಟಿಲ ಊರಿನವರಾಗಲಿ ರೈಲಿಗೆಂದು ಬೇರೆ ಊರಿಗೇ ಹೋಗಬೇಕು.

ಈ ಎರಡೂ ಮಾರ್ಗಗಳಲ್ಲಿ ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಬಂದದ್ದು 1990ರ ದಶಕದಲ್ಲಿ. ಉಗಿಬಂಡಿಗಳಿಗೂ ಆ ದಶಕವೇ ಕೊನೆಯದು. ಒಂದು ಶತಮಾನ ನಿಂತಿದ್ದ ಲೋಕ ಕೆಲವೇ ವರ್ಷಗಳಲ್ಲಿ ಎದ್ದುಹೋಯಿತು: ಹಳಿ, ವೈಪಿ-ವೈಜಿ ಇಂಜಿನ್ನುಗಳು, ನೀರಿನ ಕಂಬ, ಕೈಮರದ ಸಿಗ್ನಲ್. ಅದನ್ನು ಫಿಲ್ಮ್ ರೋಲಿನಲ್ಲಿ ಹಿಡಿದವರಲ್ಲಿ ರೈಲ್ವೆ ನೌಕರರಿದ್ದರು, ಕಾಲೇಜು ಹುಡುಗರಿದ್ದರು, ದೂರದಿಂದ ಬಂದ ರೈಲುಪ್ರಿಯರಿದ್ದರು. ಒಂದು ರೋಲಿಗೆ 36 ಚಿತ್ರ, ತೊಳೆಸುವ ಖರ್ಚು ಬೇರೆ. ಹಾಗಾಗಿ ತೆಗೆದದ್ದು ಕಡಿಮೆ. ತೆಗೆದದ್ದರಲ್ಲೂ ಹುಬ್ಬಳ್ಳಿಯ ಪಾಲೇ ದೊಡ್ಡದು. 1999ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಿಂದ ಬಂದ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ನುಗಳು ಹುಬ್ಬಳ್ಳಿ ಶೆಡ್ಡಿಗೆ ಸೇರಿದ ಮೇಲಂತೂ, ಹೊಟ್ಟೆಯ ಮೇಲೆ ‘ಯುಬಿಎಲ್’ ಎಂದು ಬರೆದ ಇಂಜಿನ್ನಿನ ಚಿತ್ರ ದೇಶದ ಎಲ್ಲ ರೈಲುಪ್ರಿಯರ ಸಂಗ್ರಹಕ್ಕೂ ಬಂತು. ಅದೇ ಇಂಜಿನ್ನು ಅಣ್ಣಿಗೇರಿ ದಾಟುವಾಗ ಹಿಂದೆ ಕಾಣುವ ಟೇಶನ್ ಕಟ್ಟಡಕ್ಕೆ ಯಾರೂ ಫೋಕಸ್ ಮಾಡಲಿಲ್ಲ. ನಮಗೆ ಇವತ್ತು ಬೇಕಾಗಿರುವುದು ಆ ಹಿಂದಿನ ಕಟ್ಟಡ.

ಭಾರತದಲ್ಲಿ ಈ ಹವ್ಯಾಸಕ್ಕೆ ಅಂತರ್ಜಾಲದ ನೆಲೆ ಒದಗಿಸಿದ್ದು ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್, ಅಂದರೆ ಐಆರ್‌ಎಫ್‌ಸಿಎ. 1989ರಲ್ಲಿ ಅಮೆರಿಕದಲ್ಲಿದ್ದ ಕೆಲವು ಭಾರತೀಯರು ಶುರುಮಾಡಿದ ಈ ಬಳಗ ಮುಂದೆ ತನ್ನದೇ ಗ್ಯಾಲರಿಯನ್ನೂ ಕಟ್ಟಿಕೊಂಡಿತು. ಇಂಜಿನ್ನಿನ ಬಗೆ, ಶೆಡ್, ಸಿಗ್ನಲ್ ಬಲ್ಲವರು ನೋಡುವ ಜಾಗ ಅದು. ಅಡಿಬರಹ ತಪ್ಪಿದ್ದರೆ ತಿದ್ದಲು ಒಬ್ಬರಲ್ಲ ಒಬ್ಬರು ಇರುತ್ತಾರೆ. ಆದರೆ ಸಾಮಾನ್ಯ ಹವ್ಯಾಸಿಗೆ 2000ದ ದಶಕದಲ್ಲಿ ಸುಲಭವಾಗಿ ಕಂಡದ್ದು ಪುಕ್ಕಟೆ ತಾಣಗಳು. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕಕ್ಕೆ ಹಣ ಕೊಟ್ಟು, ಚಿತ್ರವನ್ನು 640 ಬೈ 480ಕ್ಕೆ ಕುಗ್ಗಿಸಿ, ಒಂದೊಂದಾಗಿ ಏರಿಸಬೇಕಿತ್ತು. ಆಗ ಯಾರಿಗೂ ಅದು ದಾಖಲೆ ಎಂಬ ಭಾವನೆ ಇರಲಿಲ್ಲ. ಗೆಳೆಯರಿಗೆ ತೋರಿಸಬೇಕು, ಅಷ್ಟೇ.

ಆ ಮನೆಗಳಿಗೆ ಒಂದಾದ ಮೇಲೊಂದು ಬೀಗ ಬಿತ್ತು. ಯಾಹೂ ಫೋಟೋಸ್ 2007ರಲ್ಲಿ ಮುಚ್ಚಿತು. ಮುಂಚಿತವಾಗಿ ತಿಳಿಸಿ, ಬೇರೆ ತಾಣಗಳಿಗೆ ಚಿತ್ರ ಸಾಗಿಸುವ ದಾರಿಯನ್ನೂ ತೋರಿಸಿತು, ನಿಜ. ಆದರೆ ಹಳೆಯ ಇಮೇಲ್ ವಿಳಾಸವನ್ನೇ ಬಿಟ್ಟವರಿಗೆ ಆ ಸೂಚನೆ ತಲುಪುವುದು ಹೇಗೆ? ಭಾರತದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಸಣ್ಣ ಊರುಗಳ ಮಟ್ಟಿಗೆ ನನಗೆ ಹೆಚ್ಚು ಬೇಸರ ತಂದದ್ದು ಪನೋರಾಮಿಯೊ. ಅದು ಚಿತ್ರವನ್ನು ಭೂಪಟದ ಮೇಲೆ ನೆಡುತ್ತಿತ್ತು. ಗೂಗಲ್ ಅರ್ಥ್‌ನಲ್ಲಿ ಊರಿನ ಮೇಲೆ ಇಳಿದರೆ ಅಲ್ಲಿಯ ಗುಡಿ, ಕೆರೆ, ಟೇಶನ್ ಕಣ್ಣಿಗೆ ಬೀಳುತ್ತಿದ್ದವು. ಅಣ್ಣಿಗೇರಿಯಂಥ ಊರನ್ನು ಹೆಸರಿಟ್ಟು ಹುಡುಕಿದರೆ ಪಂಪ ಮತ್ತು ಅಮೃತೇಶ್ವರ ಗುಡಿ ಸಿಗುತ್ತವೆ, ಸಿಗಬೇಕಾದದ್ದೇ. ಆದರೆ ರೈಲು ಸಿಗಲು ಭೂಪಟದ ದಾರಿಯೇ ಸರಿ. ಪನೋರಾಮಿಯೊ 2016ರ ನವೆಂಬರಿನಲ್ಲಿ ಹೋಯಿತು. ಅದೇ ವರ್ಷ ಪಿಕಾಸಾ ವೆಬ್ ಆಲ್ಬಮ್ಸ್ ಕೂಡ ಗೂಗಲ್ ಫೋಟೋಸ್‌ನೊಳಗೆ ಕರಗಿತು. ಗೂಗಲ್ ಫೋಟೋಸ್ ಸ್ವಭಾವದಲ್ಲಿ ಮನೆಯ ಆಲ್ಬಮ್. ನಮ್ಮ ಚಿತ್ರ ನಮಗೆ ಚೆನ್ನಾಗಿ ಸಿಗುತ್ತದೆ, ಅಪರಿಚಿತ ವಿದ್ಯಾರ್ಥಿಯೊಬ್ಬನಿಗೆ ಸಿಗುವುದಿಲ್ಲ.

ರೈಲುಪ್ರಿಯರಿಗೆ ಬಿದ್ದ ದೊಡ್ಡ ಪೆಟ್ಟು ಬ್ರಿಟನ್ನಿನದು. ಅಲ್ಲಿಯ ರೈಲು ಮತ್ತು ಬಸ್ ಹವ್ಯಾಸಿಗಳು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಫೊಟೋಪಿಕ್ ಎಂಬ ಗ್ಯಾಲರಿ ತಾಣ 2011ರ ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ ತೆರೆಯದಾಯಿತು. ಕಂಪನಿ ದಿವಾಳಿಯಾಗಿತ್ತು. ಮೂಲಪ್ರತಿ ಮನೆಯಲ್ಲಿದ್ದವರ ಚಿತ್ರಗಳು ಉಳಿದವು. ಆದರೆ ಯಾವ ದಿನ, ಯಾವ ಗಾಡಿ, ಯಾವ ಇಂಜಿನ್ ಎಂದು ಒಂದೊಂದಕ್ಕೂ ಕೂತು ಬರೆದ ಅಡಿಬರಹಗಳು ತಾಣದ ಜೊತೆಯಲ್ಲೇ ಹೋದವು. ರೈಲಿನ ಚಿತ್ರದಲ್ಲಿ ಅರ್ಧ ಜೀವ ಅಡಿಬರಹದಲ್ಲಿರುತ್ತದೆ. ಹಳಿಯ ಮೇಲೆ ನಿಂತ ಕಪ್ಪು ಇಂಜಿನ್ನಿನ ಚಿತ್ರ ಎಲ್ಲಿಯದೂ ಆಗಬಹುದು. ‘ಕುಂದಗೋಳ, ಹುಬ್ಬಳ್ಳಿ ಕಡೆಗೆ ಮುಖ, ಬ್ರಾಡ್ ಗೇಜ್ ಕೆಲಸಕ್ಕೆ ಜಲ್ಲಿ ಸುರಿದಿದೆ’ ಎಂದು ಬರೆದ ಮೇಲೆಯೇ ಅದು ನಮ್ಮ ಜಿಲ್ಲೆಯದು.

ಅದೇ ಬ್ರಿಟನ್ನಿನಲ್ಲಿ ಇನ್ನೊಂದು ಪ್ರಯೋಗವೂ ನಡೆದಿತ್ತು. 2005ರಲ್ಲಿ ಶುರುವಾದ ಜಿಯೋಗ್ರಾಫ್ ಯೋಜನೆ ದೇಶವನ್ನೆಲ್ಲ ಒಂದೊಂದು ಕಿಲೋಮೀಟರಿನ ಚೌಕಗಳಾಗಿ ಮಾಡಿ, ಪ್ರತಿ ಚೌಕದಿಂದಲೂ ಚಿತ್ರ ಕೇಳಿತು. ಕೊಟ್ಟವರೆಲ್ಲ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕೊಡಬೇಕು ಎಂಬುದು ಕರಾರು. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ಬೇರೆಡೆ ಇಡಬಹುದು. ಮುಂದೆ ಆ ಚಿತ್ರಗಳಲ್ಲಿ ಲಕ್ಷಗಟ್ಟಲೆಯನ್ನು ಅಡಿಬರಹದ ಸಮೇತ ವಿಕಿಮೀಡಿಯ ಕಾಮನ್ಸ್‌ಗೂ ಸೇರಿಸಲಾಯಿತು. ನಾಳೆ ಮೂಲತಾಣ ನಿಂತರೂ ಅವು ಸಾಯುವುದಿಲ್ಲ. ಒಂದೇ ದೇಶ, ಒಂದೇ ದಶಕ. ನನಗೆ ಕಾಣುವಂತೆ ಎರಡರ ಗತಿಯನ್ನು ಬೇರೆ ಮಾಡಿದ್ದು ಪರವಾನಗಿಯ ಆ ಒಂದು ಸಾಲು.

ಫ್ಲಿಕರ್‌ನ ಕಥೆಯೂ ಇದಕ್ಕೆ ಪುಷ್ಟಿ ಕೊಡುತ್ತದೆ. 2004ರಲ್ಲಿ ಕೆನಡಾದಲ್ಲಿ ಹುಟ್ಟಿ, ಮರುವರ್ಷ ಯಾಹೂ ಕೈಗೆ ಹೋದ ಈ ತಾಣ ರೈಲುಪ್ರಿಯರಿಗೆ ಬಹುಕಾಲ ಅಚ್ಚುಮೆಚ್ಚು. ಚಿತ್ರ ಚೆನ್ನಾಗಿ ಕಾಣುತ್ತದೆ, ಗುಂಪು ಕಟ್ಟಬಹುದು, ಟ್ಯಾಗ್ ಹಾಕಬಹುದು. ಮೊದಮೊದಲು ಪುಕ್ಕಟೆ ಸದಸ್ಯರಿಗೆ ಇತ್ತೀಚಿನ 200 ಚಿತ್ರಗಳು ಮಾತ್ರ ಕಾಣುತ್ತಿದ್ದವು. 2013ರಲ್ಲಿ ಎಲ್ಲರಿಗೂ ಒಂದು ಟೆರಾಬೈಟ್ ಜಾಗ ಸಿಕ್ಕಿತು, ಜನ ಕಣಜ ತುಂಬಿದಂತೆ ತುಂಬಿದರು. 2018ರಲ್ಲಿ ಸ್ಮಗ್‌ಮಗ್ ಕಂಪನಿ ಕೊಂಡುಕೊಂಡಿತು, ಅದೇ ನವೆಂಬರಿನಲ್ಲಿ ಪುಕ್ಕಟೆ ಖಾತೆಗೆ 1,000 ಚಿತ್ರಗಳ ಮಿತಿ ಘೋಷಿಸಿತು. ಮಿತಿ ಮೀರಿದ ಹಳೆಯ ಚಿತ್ರಗಳನ್ನು ಅಳಿಸುವುದಾಗಿಯೂ ಹೇಳಿತು. ಹಳೆಯವೇ ಮೊದಲು ಹೋಗಬೇಕೆಂದರೆ, ರೈಲಿನ ವಿಷಯದಲ್ಲಿ ಬೆಲೆಯುಳ್ಳದ್ದೇ ಮೊದಲು ಹೋದಂತೆ. ಆಗ ವಿನಾಯಿತಿ ಸಿಕ್ಕಿದ್ದು, 2018ರ ನವೆಂಬರ್ 1ಕ್ಕಿಂತ ಮೊದಲು ಕ್ರಿಯೇಟಿವ್ ಕಾಮನ್ಸ್‌ನಂಥ ಮುಕ್ತ ಪರವಾನಗಿಯಡಿ ಇಟ್ಟ ಚಿತ್ರಗಳಿಗೆ. ಇನ್ನು ಫೋಟೊಬಕೆಟ್ 2017ರಲ್ಲಿ, ತನ್ನಲ್ಲಿಟ್ಟ ಚಿತ್ರವನ್ನು ಬೇರೆ ಪುಟಗಳಲ್ಲಿ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿತು. ಎಷ್ಟೋ ರೈಲು ಪ್ರವಾಸದ ಬರಹಗಳಲ್ಲಿ ಚಿತ್ರವಿದ್ದ ಜಾಗದಲ್ಲಿ ಬೂದು ಬಣ್ಣದ ಚೌಕಗಳು ಉಳಿದವು. ಆ ಬಾಡಿಗೆಯನ್ನು ನಮ್ಮ ಕಡೆಯ ಯಾವ ಹವ್ಯಾಸಿ ಕಟ್ಟಿಯಾನು!

ಇಷ್ಟೆಲ್ಲ ಹೇಳಲು ಕಾರಣವಿದೆ. ನಾವು ನಾಲ್ಕು ಜನ ಗೆಳೆಯರು ಈ ಎರಡು ಮಾರ್ಗಗಳ ಹಳೆಯ ಚಿತ್ರಗಳನ್ನು ಕೂಡಿಹಾಕುತ್ತಿದ್ದೇವೆ. ಎಲ್ಲಿಡಬೇಕು ಎಂಬ ಚರ್ಚೆ ಬೇಸಿಗೆಯಿಡೀ ನಡೆಯಿತು. ಒಬ್ಬರು ಫೇಸ್‌ಬುಕ್ ಗುಂಪು ಸಾಕೆಂದರು. ಊರ ಜನ ನೋಡುವುದು ಅಲ್ಲೇ, ‘ಇಂವ ನಮ್ಮ ಕಾಕಾರೀ ಸರ, ಪಾಯಿಂಟ್ಸ್‌ಮನ್ ಇದ್ರು’ ಎಂದು ಗುರುತಿಸಿ ಹೇಳುವುದೂ ಅಲ್ಲೇ. ಆ ಮಾತಿನಲ್ಲಿ ಹುರುಳಿದೆ, ಆ ಕಾಕಾನ ಗುರುತು ಯಾವ ದಫ್ತರದಲ್ಲೂ ಸಿಗಲಿಕ್ಕಿಲ್ಲ. ಆದರೆ ಫೇಸ್‌ಬುಕ್ ಚಿತ್ರವನ್ನು ಕುಗ್ಗಿಸುತ್ತದೆ, ಕ್ಯಾಮೆರಾ ಬರೆದಿಟ್ಟ ದಿನಾಂಕದ ವಿವರವನ್ನು ಕಿತ್ತುಹಾಕುತ್ತದೆ, ಮೂರು ತಿಂಗಳ ಹಿಂದಿನದನ್ನು ಹುಡುಕಿಕೊಡುವುದಿಲ್ಲ. ಇನ್ನೊಬ್ಬರು ಹಣ ಕಟ್ಟುವ ತಾಣ ಬೇಕೆಂದರು. ಕಟ್ಟುವವರು ಇರುವ ತನಕ ಅದು ಒಳ್ಳೆಯದೇ. ನಮ್ಮಲ್ಲಿ ಇಬ್ಬರಿಗೆ ಅರವತ್ತು ದಾಟಿದೆ.

ನಾನು ವಿಕಿಮೀಡಿಯ ಕಾಮನ್ಸ್ ಪರ ವಾದಿಸಿದೆ. 2004ರಿಂದ ಇದೆ, ಲಾಭದ ಕಂಪನಿಯದಲ್ಲ, ಏರಿಸಿದ ಗಾತ್ರದಲ್ಲೇ ಇಡುತ್ತದೆ, ಅಡಿಬರಹವನ್ನು ಕನ್ನಡದಲ್ಲೂ ಬರೆಯಬಹುದು, ಬೇರೆಯವರು ತಿದ್ದಬಹುದು. ಹೆಸರಿನ ತಂಟೆಗೂ ಅಲ್ಲಿ ಪರಿಹಾರವಿದೆ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ ಬಂತು, ಕುಂದಗೋಳವನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಟ್ಯಾಗ್ ಆಧಾರಿತ ತಾಣದಲ್ಲಿ ಒಂದು ಕಾಗುಣಿತ ಹಾಕಿದವನ ಚಿತ್ರ ಇನ್ನೊಂದು ಕಾಗುಣಿತ ಹಾಕಿದವನಿಗೆ ಸಿಗದು. ಕಾಮನ್ಸ್‌ನಲ್ಲಿ ಊರಿಗೊಂದು ವರ್ಗ, ಮಾರ್ಗಕ್ಕೊಂದು ವರ್ಗ. ಅಣ್ಣಿಗೇರಿಯಲ್ಲಿ ಗಾಡಿಗೆ ಕಾದು ನಿಂತ ನವಲಗುಂದದ ಗಂಟುಮೂಟೆಯ ಜನರ ಚಿತ್ರವನ್ನು ಎರಡೂ ಊರುಗಳ ಕೆಳಗೆ ಸೇರಿಸಬಹುದು. ಹಳಿ ಕಾಣದ ತಾಲ್ಲೂಕಿನ ರೈಲು ಇತಿಹಾಸಕ್ಕೆ ಬೇರೆ ಯಾವ ದಾರಿಯಿದೆ?

ಅಡ್ಡಿಯೂ ಇದೆ. ಕಾಮನ್ಸ್‌ಗೆ ಕೊಟ್ಟ ಚಿತ್ರವನ್ನು ಯಾರಾದರೂ ಕ್ಯಾಲೆಂಡರಿಗೆ ಅಚ್ಚುಹಾಕಿ ಮಾರಬಹುದು, ಬೇಡ ಎನ್ನುವಂತಿಲ್ಲ. ಇದು ಹಲವು ಹವ್ಯಾಸಿಗಳಿಗೆ ಒಪ್ಪಿಗೆಯಿಲ್ಲ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬಿಸಿಲಲ್ಲಿ ನಾಲ್ಕು ತಾಸು ನಿಂತವರು ಅವರು. ಎರಡನೆಯದು ಕಾಯ್ದೆ. 2012ರ ತಿದ್ದುಪಡಿಯ ನಂತರ ಫೋಟೊದ ಹಕ್ಕು ತೆಗೆದವನ ಜೀವಿತಕಾಲ ಮತ್ತು ಆಮೇಲಿನ 60 ವರ್ಷ. ಅಂದರೆ 1990ರ ದಶಕದ ಯಾವ ಚಿತ್ರವನ್ನೂ ತೆಗೆದವರ, ಅವರಿಲ್ಲದಿದ್ದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಏರಿಸುವಂತಿಲ್ಲ. ಫ್ರೇಮು ಮನೆಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ನಮ್ಮದಾಗದು.

ಕೊನೆಗೆ ಹೀಗೆ ತೀರ್ಮಾನವಾಯಿತು. ಒಪ್ಪಿದವರ ಚಿತ್ರಗಳು ಕಾಮನ್ಸ್‌ಗೆ. ವ್ಯಾಪಾರಕ್ಕೆ ಬಳಸುವುದು ಬೇಡ ಎನ್ನುವವರದು ಅವರವರ ಫ್ಲಿಕರ್ ಖಾತೆಯಲ್ಲಿ, ಅದನ್ನು ತಡೆಯುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೊಂದಿಗೆ. ಎಲ್ಲದರ ದೊಡ್ಡ ಸ್ಕ್ಯಾನುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಊರುಗಳಲ್ಲಿ. ಅಡಿಬರಹಗಳು ತಾಣದಲ್ಲಷ್ಟೇ ಅಲ್ಲದೆ ಒಂದು ಸಾದಾ ಪಠ್ಯ ಕಡತದಲ್ಲೂ, ನೋಟುಬುಕ್ಕಿನಲ್ಲೂ.

ಅವಸರವೂ ಇದೆ. ಈಗ ಎರಡೂ ಮಾರ್ಗಗಳ ಮೇಲೆ ವಿದ್ಯುತ್ ತಂತಿ ಬಂದಿದೆ. 2023ರ ಜೂನಿನಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ಕುಂದಗೋಳದಲ್ಲಿ ನಿಲ್ಲದೆ ಹಾದುಹೋಗುತ್ತದೆ, ಫೋನು ಹಿಡಿದ ಹುಡುಗರು ಅದನ್ನು ವಿಡಿಯೊ ಮಾಡುತ್ತಾರೆ. ಮೀಟರ್ ಗೇಜ್‌ಗೆ ಆದದ್ದು ಯುಬಿಎಲ್ ಡೀಸೆಲ್ಲಿಗೂ ಆಗುತ್ತಿದೆ, ಈ ಸಲ ನಮ್ಮ ಕಣ್ಣೆದುರಿಗೆ.

ನಮ್ಮ ಕೈಗೆ ಬಂದದ್ದರಲ್ಲಿ ಅತಿ ಒಳ್ಳೆಯದು, ಈಗಿಲ್ಲದ ಒಬ್ಬ ಗಾರ್ಡ್ ತೆಗೆದ ನೆಗೆಟಿವ್‌ಗಳು. ಬ್ರೇಕ್‌ವ್ಯಾನಿನಿಂದಲೇ ತೆಗೆದವು. ಹಿಂದೆ ಸರಿಯುವ ಒಂದು ಮೀಟರಿನ ಹಳಿ, ಅಂಚಿನಲ್ಲಿ ಹಸಿರು ಬಾವುಟದ ತುದಿ, ದೂರದಲ್ಲಿ ಕೈಮರ. ಕವರಿನ ಮೇಲೆ ಪೆನ್ಸಿಲಿನಲ್ಲಿ ದಿನಾಂಕ, ಗಾಡಿ ನಂಬರ್, ಟೇಶನ್ ಹೆಸರು ಎಲ್ಲ ಇವೆ. ಅವರಿಗೆ ಮೂವರು ಮಕ್ಕಳು. ಇಬ್ಬರು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದಾರೆ. ಹೊರದೇಶದಲ್ಲಿರುವ ಮೂರನೆಯವರು ‘ಸ್ವಲ್ಪ ವಿಚಾರ ಮಾಡಿ ಹೇಳ್ತೀನ್ರೀ’ ಎಂದಿದ್ದಾರೆ. ಅಲ್ಲಿಯವರೆಗೆ ಅವು ಕುಂದಗೋಳದ ಮನೆಯ ಕಬ್ಬಿಣದ ಟ್ರಂಕಿನಲ್ಲೇ ಇರುತ್ತವೆ. ಮಳೆಗಾಲಕ್ಕೆ ಮೊದಲು ಒಂದು ಡಬ್ಬಿ ಸಿಲಿಕಾ ಜೆಲ್ ಕೊಟ್ಟು ಬಂದಿದ್ದೇವೆ.